ಪಿಕಪ್ ಹೊದಿಕೆ ಒಂಟಿ ಕೈಗೆ ಒಗ್ಗಬೇಕು

ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಹೊರಟಿದ್ದ ಪಿಕಪ್. ಬಾಡಿ ತುಂಬ ಅಡಿಕೆ ಮೂಟೆ. ಡಿಸೆಂಬರ್ ಮೊದಲ ವಾರವಾದ್ದರಿಂದ ಮಳೆಯ ಯೋಚನೆ ಯಾರಿಗೂ ಇರಲಿಲ್ಲ. ಮಂಡಗದ್ದೆ ಹತ್ತಿರ ಬರುವಾಗ ತುಂಗೆಯ ಆಚೆ ದಡದ ಕಾಡು ಇದ್ದಕ್ಕಿದ್ದಂತೆ ಕಪ್ಪಾಯಿತು. ಗಾಡಿ ಓಡಿಸುತ್ತಿದ್ದ ನನ್ನ ಚಿಕ್ಕಪ್ಪನ ಮಗ ರಸ್ತೆ ಬದಿಗೆ ನಿಲ್ಲಿಸಿ, ಮೂಟೆಗಳ ಮೇಲೆ ಸುತ್ತಿಟ್ಟಿದ್ದ ಟಾರ್ಪಾಲಿಗೆ ಕೈ ಹಾಕಿದ. ಅದು ಹೊಸದು, ದಪ್ಪದ್ದು, ಹದಿನಾರು ಕೆ.ಜಿ. ತೂಕದ್ದು. ಒಬ್ಬನ ಕೈಗೆ ಬಗ್ಗಲಿಲ್ಲ.

"ಅಣ್ಣಯ್ಯ, ಆ ತುದಿ ಸ್ವಲ್ಪ ಎಳಿ" ಅಂದ. ನಾನು ಇಳಿದು ಎಳೆದೆ. ಬಿಚ್ಚಿದ ಮೇಲೆ ನೋಡಿದರೆ ಉದ್ದದ ಬದಿ ಅಡ್ಡಕ್ಕೆ ಬಿದ್ದಿದೆ. ಮತ್ತೆ ತಿರುಗಿಸಿ, ಗಂಟು ಹಾಕಿ ಮುಗಿಸುವಾಗ ಇಪ್ಪತ್ತು ನಿಮಿಷ ಆಗಿತ್ತು. ಆರು ಮೂಟೆಗಳ ಬಾಯಿ ನೆನೆದಿತ್ತು. ಕ್ಯಾಬಿನ್ನಿಗೆ ಬಂದು ಮುಖ ಒರೆಸಿಕೊಳ್ಳುತ್ತಾ ಅವನು ಹೇಳಿದ: "ದಪ್ಪ ಇದ್ದಷ್ಟೂ ಬಾಳಿಕೆ ಅಂತ ಅಂಗಡಿಯವ ಹೇಳಿದ್ದ. ಬಾಳಿಕೆ ಬರುತ್ತೆ ನಿಜ, ಬಳಕೆಗೇ ಬರಲಿಲ್ಲ ನೋಡು."

ಪಿಕಪ್‌ಗೆ ಹೊದಿಕೆ ಕೊಳ್ಳುವ ಪ್ರತಿಯೊಬ್ಬರೂ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಈ ಮಾತನ್ನು ನೆನೆಯಬೇಕು. ಮಳೆ ಬಂದಾಗ ಡ್ರೈವರ್ ಒಬ್ಬನೇ ಹತ್ತು ನಿಮಿಷದೊಳಗೆ ಹೊದಿಸಿ ಕಟ್ಟಲು ಆಗದ ಹೊದಿಕೆ, ಎಷ್ಟೇ ಗಟ್ಟಿಯಾಗಿದ್ದರೂ, ಬಹುಪಾಲು ದಿನ ಸುತ್ತಿದ ಹಾಗೇ ಮೂಲೆಯಲ್ಲಿ ಬಿದ್ದಿರುತ್ತದೆ.

ಮೊದಲು ಮೂರು ಪ್ರಶ್ನೆ

ಬೊಲೆರೊ ಪಿಕಪ್ ಇರಲಿ, ಅಶೋಕ್ ಲೇಲ್ಯಾಂಡ್ ದೋಸ್ತ್ ಇರಲಿ, 2005ರಲ್ಲಿ ಬಂದು ಊರೂರಿನ ಸಂತೆಗೆ ನುಗ್ಗಿದ ಟಾಟಾ ಏಸ್ ಇರಲಿ, ಹೊದಿಕೆ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಗಾಡಿಯಲ್ಲಿ ಹೆಚ್ಚಾಗಿ ಹೋಗುವ ಸರಕು ಯಾವುದು? ದಿನಕ್ಕೆ ಎಷ್ಟು ಸಲ ಹೊದಿಕೆ ಬಿಚ್ಚಿ ಕಟ್ಟಬೇಕು? ಆಗ ಜೊತೆಗೆ ಇನ್ನೊಬ್ಬರು ಇರುತ್ತಾರೋ ಇಲ್ಲವೋ?

ತೋಟದಿಂದ ಮಂಡಿಗೆ ಒಂದೇ ಓಟ ಓಡುವ ಗಾಡಿಗೆ ದಪ್ಪ ಹೊದಿಕೆ ನಡೆಯುತ್ತದೆ. ತುಂಬುವ ಕಡೆ ಹಮಾಲರು ಇರುತ್ತಾರೆ, ಇಳಿಸುವ ಕಡೆಯೂ ಇರುತ್ತಾರೆ. ಅಂಗಡಿಯಿಂದ ಅಂಗಡಿಗೆ ದಿನಸಿ ಇಳಿಸುತ್ತಾ ಹೋಗುವ ಗಾಡಿಯ ಲೆಕ್ಕ ಬೇರೆ. ದಿನಕ್ಕೆ ಹದಿನೈದು ಸಲ ಬಿಚ್ಚಿ ಹದಿನೈದು ಸಲ ಕಟ್ಟಬೇಕಾದವರಿಗೆ ಟಾರ್ಪಾಲಿಗಿಂತ ಕಮಾನಿನ ಹುಡ್ ವಾಸಿ. ಅದರ ವಿಚಾರ ಮುಂದೆ ಬರುತ್ತದೆ.

ಬಟ್ಟೆ ಯಾವುದು?

ದಕ್ಷಿಣದವರು ಟಾರ್ಪಾಲು ಎನ್ನುವುದನ್ನು ಉತ್ತರ ಕರ್ನಾಟಕದವರು ತಾಡಪತ್ರಿ ಎನ್ನುತ್ತಾರೆ. ಹೆಸರು ಯಾವುದಾದರೂ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಜಾತಿ.

ಮೊದಲನೆಯದು ಮೇಣ ಹಿಡಿಸಿದ ಹತ್ತಿಯ ಕ್ಯಾನ್ವಾಸ್. ಇದಕ್ಕೆ ಉಸಿರಾಟ ಉಂಟು, ಒಳಗಿನ ಹಬೆ ಹೊರಗೆ ಹೋಗುತ್ತದೆ. ಹರಿದರೆ ತೇಪೆ ಹಾಕಿ ಹೊಲಿಯಬಹುದು. ಆದರೆ ನೆನೆದರೆ ತೂಕ ಏರುತ್ತದೆ, ಒದ್ದೆಯಾಗಿ ಮಡಚಿಟ್ಟರೆ ಬೂಸಲು ಹಿಡಿದು ಕೊಳೆಯುತ್ತದೆ. ಜೂನ್‌ನಿಂದ ಬಿಸಿಲೇ ಕಾಣದ ಮಲೆನಾಡಿನಲ್ಲಿ ಇದನ್ನು ಒಣಗಿಸುವುದೇ ಒಂದು ಕೆಲಸ.

ಎರಡನೆಯದು ಎಲ್ಲ ಕಡೆ ಕಾಣುವ ನೀಲಿ, ಹಳದಿ, ಕಪ್ಪು ಬಣ್ಣದ ಎಚ್‌ಡಿಪಿಇ ಟಾರ್ಪಾಲು. ಪ್ಲಾಸ್ಟಿಕ್ ಎಳೆಗಳನ್ನು ನೇಯ್ದು ಎರಡೂ ಬದಿಗೆ ಪದರ ಹಚ್ಚಿರುತ್ತಾರೆ. ಹಗುರ, ಅಗ್ಗ, ನೀರು ಹೀರುವುದಿಲ್ಲ. ಇದರ ಶತ್ರು ಬಿಸಿಲು ಮತ್ತು ಗಾಳಿಯ ಬಡಿತ. ಬಿಸಿಲು ತಡೆಯುವ ಯುವಿ ಅಂಶ ಸೇರಿಸದ ಮಾಲು ಮಡಿಕೆಯ ಗೆರೆಯಲ್ಲೇ ಬಿರಿಯುತ್ತದೆ, ಆಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಈ ಬಗೆಯ ಟಾರ್ಪಾಲಿಗೆ ಭಾರತೀಯ ಮಾನಕ ಐಎಸ್ 7903 ಇದೆ. ಐಎಸ್‌ಐ ಗುರುತಿನ ಜೊತೆ ಈ ಸಂಖ್ಯೆ ಇದೆಯೇ ಎಂದು ನೋಡಿ ಕೊಳ್ಳಿ.

ಮೂರನೆಯದು ಪಿವಿಸಿ ಲೇಪನದ್ದು. ಲಾರಿಯವರು ಹೆಚ್ಚಾಗಿ ನೆಚ್ಚುವುದು ಇದನ್ನೇ. ರಬ್ಬರಿನಂತೆ ದಪ್ಪ, ಗಾಳಿಗೆ ಪಟಪಟ ಹೊಡೆದುಕೊಳ್ಳುವುದು ಕಡಿಮೆ, ಹರಿದಲ್ಲಿ ಬಿಸಿ ಮಾಡಿ ತೇಪೆ ಅಂಟಿಸಬಹುದು. ದೋಷ ಒಂದೇ, ಭಾರ.

ಭಾರವನ್ನು ಅಳೆಯುವ ಲೆಕ್ಕ ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದು. ಅಂಗಡಿಯವರು ಇನ್ನೂರು ಎಂದು ಹೇಳಿ ನೂರಿಪ್ಪತ್ತರದ್ದನ್ನು ಕೊಟ್ಟರೆ ಕಣ್ಣಿಗೆ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ. ಅಡಿಯ ಲೆಕ್ಕದಲ್ಲಿ ಉದ್ದ ಅಗಲ ಗುಣಿಸಿ 10.76ರಿಂದ ಭಾಗಿಸಿದರೆ ಚದರ ಮೀಟರ್ ಸಿಗುತ್ತದೆ. ಉದಾಹರಣೆಗೆ 15 ಅಡಿಗೆ 18 ಅಡಿಯ ಟಾರ್ಪಾಲು ಸುಮಾರು 25 ಚದರ ಮೀಟರ್. ಅದು 200 ಜಿಎಸ್‌ಎಂ ಆಗಿದ್ದರೆ 5 ಕೆ.ಜಿ. ತೂಗಬೇಕು, 120 ಆದರೆ 3 ಕೆ.ಜಿ. ಅದೇ ಅಳತೆಯ 650 ಜಿಎಸ್‌ಎಂ ಪಿವಿಸಿ 16 ಕೆ.ಜಿ. ದಾಟುತ್ತದೆ. ಮಂಡಗದ್ದೆಯಲ್ಲಿ ನಮ್ಮ ತೋಳನ್ನು ಸೋಲಿಸಿದ್ದು ಈ ಕೊನೆಯದು. ಅಂಚಿನ ಹಗ್ಗ, ರಿಂಗುಗಳಿಂದ ತೂಕ ತುಸು ಹೆಚ್ಚಬಹುದು, ಕಡಿಮೆಯಂತೂ ಆಗಬಾರದು. ಕೊಳ್ಳುವ ಮುನ್ನ ತೂಗಿಸಿ ನೋಡಲು ನಾಚಿಕೆ ಬೇಡ.

ಒಂಟಿಯಾಗಿ ಓಡಿಸುವವರಿಗೆ ನನ್ನ ಸಲಹೆ 200ರಿಂದ 250 ಜಿಎಸ್‌ಎಂನ ಒಳ್ಳೆಯ ಎಚ್‌ಡಿಪಿಇ. ವರ್ಷವಿಡೀ ಹೆದ್ದಾರಿಯಲ್ಲಿ, ಕ್ಲೀನರ್ ಜೊತೆಗೆ ದೂರದ ಓಟ ಮಾಡುವವರಿಗೆ ಪಿವಿಸಿ ಸರಿ.

ಅಳತೆ: ಬಾಡಿಯದ್ದಲ್ಲ, ಸರಕಿನದ್ದು

ಹೆಚ್ಚಿನವರು ತಪ್ಪುವುದು ಇಲ್ಲಿ. ಬಾಡಿಯ ಉದ್ದಗಲ ಹೇಳಿ ಟಾರ್ಪಾಲು ತರುತ್ತಾರೆ. ಸರಕು ತುಂಬಿದ ಮೇಲೆ ಅದು ಬರುವುದು ಅರ್ಧಕ್ಕೆ ಮಾತ್ರ.

ಟೇಪು ಹಿಡಿದು ನೀವೇ ಅಳೆಯಿರಿ. ಬಾಡಿ 9 ಅಡಿ ಉದ್ದ, ಐದೂವರೆ ಅಡಿ ಅಗಲ ಇದೆ ಎನ್ನೋಣ. ಮೂಟೆಗಳು ತಳದಿಂದ 4 ಅಡಿ ಏರುತ್ತವೆ. ಹೊದಿಕೆ ನಾಲ್ಕೂ ಬದಿಗೆ ಇಳಿದು ತಳದ ಕೊಕ್ಕೆ ಮುಟ್ಟಬೇಕಾದರೆ ಉದ್ದಕ್ಕೆ 9 ಕೂಡಿಸು 4 ಕೂಡಿಸು 4, ಒಟ್ಟು 17 ಅಡಿ. ಅಗಲಕ್ಕೆ ಐದೂವರೆ ಕೂಡಿಸು 8, ಹದಿಮೂರೂವರೆ. ಅಂಗಡಿಯಲ್ಲಿ ಸಿಗುವ ಅಳತೆಯಲ್ಲಿ 15ಕ್ಕೆ 18 ಇದಕ್ಕೆ ಹೊಂದುತ್ತದೆ. ಇದಕ್ಕಿಂತ ದೊಡ್ಡದು ತಂದರೆ ಉಳಿದ ಬಟ್ಟೆ ಗಾಳಿಗೆ ಬಡಿದುಕೊಂಡು ತಾನೇ ಹರಿದುಕೊಳ್ಳುತ್ತದೆ.

ಸರಕು ಸೈಡ್ ಬೋರ್ಡಿನ ಮಟ್ಟದಲ್ಲೇ ನಿಲ್ಲುವ ದಿನಗಳೇ ಹೆಚ್ಚು ಎಂದಾದರೆ ಲೆಕ್ಕ ಇನ್ನೂ ಸುಲಭ. ಸುತ್ತಲೂ ಒಂದೊಂದು ಅಡಿ ಇಳಿಯುವಂತೆ 9ಕ್ಕೆ 12ರ ಟಾರ್ಪಾಲು ಸಾಕು. 200 ಜಿಎಸ್‌ಎಂನಲ್ಲಿ ಅದರ ತೂಕ ಎರಡೇ ಕೆ.ಜಿ.

ಇನ್ನೊಂದು ಸೂಕ್ಷ್ಮ. ಅಂಚು ಮಡಚಿ ಹೊಲಿಯುವ ಮೊದಲಿನ ಅಳತೆಯನ್ನೇ ಹೇಳಿ ಮಾರುವುದುಂಟು. ಹೊಲಿದ ಮೇಲೆ ಅರ್ಧ ಅಡಿಯವರೆಗೆ ಕುಗ್ಗಿರಬಹುದು. ಮುಗಿದ ಅಳತೆ ಎಷ್ಟು ಎಂದು ಕೇಳಿ, ಅಂಗಡಿಯಲ್ಲೇ ಬಿಚ್ಚಿ ಅಳೆಯಿರಿ. ಅಂಚಿನ ರಿಂಗುಗಳು ಅಲ್ಯೂಮಿನಿಯಂ ಅಥವಾ ಹಿತ್ತಾಳೆಯದಾಗಿರಲಿ, ಮೂರು ಅಡಿಗೊಂದಾದರೂ ಇರಲಿ. ಕಬ್ಬಿಣದ್ದು ತುಕ್ಕು ಹಿಡಿದು ಬಟ್ಟೆಯನ್ನೂ ತಿನ್ನುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆ ಎರಡು ಪದರವಾಗಿದೆಯೇ ಎಂದೂ ನೋಡಿ, ಹರಿಯಲು ಶುರುವಾಗುವುದೇ ಮೂಲೆಯಿಂದ.

ಕೃಷಿ ಇಲಾಖೆ ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿ ದರಕ್ಕೆ ಕೊಡುವ ಟಾರ್ಪಾಲು ಕಣದಲ್ಲಿ ಹಾಸಲು, ರಾಶಿ ಮುಚ್ಚಲು ಬಂದದ್ದು. ಅದನ್ನೇ ಗಾಡಿಗೂ ಕಟ್ಟಿ ಹೆದ್ದಾರಿಗೆ ಒಯ್ದರೆ ಒಂದೇ ಹಂಗಾಮಿಗೆ ಚಿಂದಿಯಾಗುತ್ತದೆ. ಕಣದ್ದು ಕಣಕ್ಕಿರಲಿ.

ಸರಕಿಗೆ ತಕ್ಕ ಹೊದಿಕೆ

ಅಡಿಕೆ, ಕೊಬ್ಬರಿ, ಬೆಲ್ಲ, ಮೆಣಸಿನಕಾಯಿ: ಇವಕ್ಕೆ ಒಂದು ಹನಿಯೂ ತಾಗಬಾರದು. ನೆನೆದ ಅಡಿಕೆಗೆ ಬೂಸಲು ಬಂದರೆ ಮಂಡಿಯಲ್ಲಿ ದರ್ಜೆಯೇ ಇಳಿಯುತ್ತದೆ. ಆದರೆ ಇವಕ್ಕೆ ಹೊರಗಿನ ಮಳೆಯಷ್ಟೇ ಒಳಗಿನ ಬೆವರೂ ಅಪಾಯ. ಪೂರ್ತಿ ಒಣಗದ ಮಾಲನ್ನು ಪ್ಲಾಸ್ಟಿಕ್ಕಿನಡಿ ಬಿಗಿದು ರಾತ್ರಿಯಿಡೀ ನಿಲ್ಲಿಸಿದರೆ, ಹಬೆ ಮೇಲೇರಿ ತಣ್ಣನೆಯ ಹೊದಿಕೆಗೆ ತಾಗಿ ಹನಿಯಾಗಿ ಮೇಲಿನ ಮೂಟೆಗೇ ಬೀಳುತ್ತದೆ. ಮೂಟೆಗೂ ಟಾರ್ಪಾಲಿಗೂ ನಡುವೆ ಒಂದು ಪದರ ಖಾಲಿ ಗೋಣಿಚೀಲ ಹಾಸಿದರೆ ಆ ಹನಿಯನ್ನು ಅದು ಕುಡಿಯುತ್ತದೆ.

ಟೊಮೆಟೊ, ಸೊಪ್ಪು, ಹೂವು: ಇವಕ್ಕೆ ಬಿಸಿಲೇ ಶತ್ರು. ಕೋಲಾರದ ಮಾರುಕಟ್ಟೆಗೆ ಹಗಲು ಹೊತ್ತು ಟೊಮೆಟೊ ಕ್ರೇಟ್ ಒಯ್ಯುವಾಗ ಕಪ್ಪು ಟಾರ್ಪಾಲು ಬಿಗಿದರೆ ಹಣ್ಣು ಅದರಡಿಯೇ ಬೆಂದಂತಾಗುತ್ತದೆ. ತೋಟಕ್ಕೆ ಕಟ್ಟುವ ಹಸಿರು ಶೇಡ್ ನೆಟ್ಟೇ ಇಲ್ಲಿ ಒಳ್ಳೆಯ ಹೊದಿಕೆ: ನೆರಳೂ ಉಂಟು, ಗಾಳಿಯೂ ಆಡುತ್ತದೆ, ಮಡಚಿದರೆ ಸೀಟಿನ ಹಿಂದೆ ಕೂರುತ್ತದೆ. ಮಳೆಗೆಂದು ಬಿಳಿ ಅಥವಾ ಬೆಳ್ಳಿ ಬಣ್ಣದ ಹಗುರ ಟಾರ್ಪಾಲು ಜೊತೆಗಿರಲಿ.

ರೇಷ್ಮೆಗೂಡು: ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ಯುವವರಿಗೆ ಇದು ಗೊತ್ತೇ ಇದೆ. ಗೂಡಿನೊಳಗಿನ ಹುಳು ಜೀವಂತವಾಗಿರುತ್ತದೆ, ಉಸಿರಾಡುತ್ತದೆ, ಬಿಸಿಯಾಗುತ್ತದೆ. ಮೇಲೆ ಗಾಳಿಯಾಡದ ಹೊದಿಕೆ ಬಿದ್ದರೆ ಒಳಗೆ ಬೆವರು ಕಟ್ಟಿ ನೂಲು ಬಿಚ್ಚುವ ಗುಣ ಕೆಡುತ್ತದೆ, ಹರಾಜಿನಲ್ಲಿ ಅದು ಎದ್ದು ಕಾಣುತ್ತದೆ. ಗೂಡಿನ ಗಾಡಿಗೆ ಕಮಾನು ಬೇಕೇ ಬೇಕು. ಹೊದಿಕೆಗೂ ಗೂಡಿಗೂ ನಡುವೆ ಒಂದಡಿ ಖಾಲಿ ಜಾಗ, ಹಿಂದಿನ ಕಡೆ ಗಾಳಿ ಹೊರಹೋಗಲು ದಾರಿ. ಪ್ರಯಾಣ ತಂಪು ಹೊತ್ತಿನಲ್ಲಿ.

ಎಂ-ಸ್ಯಾಂಡ್, ಜಲ್ಲಿ, ಮಣ್ಣು: ಹಿಂದೆ ಬರುವ ಬೈಕಿನವನ ಕಣ್ಣಿಗೆ ಹಾರುವುದನ್ನು ತಡೆಯುವುದೇ ಇಲ್ಲಿ ಹೊದಿಕೆಯ ಕೆಲಸ. ಇದಕ್ಕೆ ಹಳೆಯ ಟಾರ್ಪಾಲು ನಡೆಯುತ್ತದೆ, ತೂತು ಮಾತ್ರ ಇರಬಾರದು.

ಯೂರಿಯಾ, ಕ್ರಿಮಿನಾಶಕ ಸಾಗಿಸಿದ ಟಾರ್ಪಾಲನ್ನು ಅಕ್ಕಿ, ಮೇವು, ಹಿಂಡಿಗೆ ಬಳಸಬೇಡಿ. ಅಂಚಿಗೆ ಬಣ್ಣ ಹಚ್ಚಿ ಗುರುತು ಮಾಡಿಟ್ಟರೆ ಅವಸರದಲ್ಲಿ ಅದಲುಬದಲಾಗುವುದಿಲ್ಲ.

ಕಮಾನು ಮತ್ತು ಹುಡ್

ಸಮತಟ್ಟಾಗಿ ಹೊದಿಸಿದ ಟಾರ್ಪಾಲಿನ ನಡುವೆ ನೀರು ನಿಲ್ಲುತ್ತದೆ. ಮೇಲೆ ಹೇಳಿದ ಬಾಡಿಯ ಅರ್ಧ ಭಾಗದಲ್ಲಿ ಎರಡು ಇಂಚು ನೀರು ನಿಂತರೂ ನೂರು ಕೆ.ಜಿ. ದಾಟುತ್ತದೆ. ಆ ಭಾರಕ್ಕೆ ರಿಂಗು ಕಿತ್ತುಬರುತ್ತದೆ, ಇಲ್ಲವೇ ಬ್ರೇಕ್ ಹಾಕಿದಾಗ ಅಷ್ಟೂ ನೀರು ಕ್ಯಾಬಿನ್ ಮೇಲೆ ಸುರಿಯುತ್ತದೆ. ನಡುವೆ ಉದ್ದಕ್ಕೆ ಒಂದು ಬಿದಿರಿನ ಗಳವನ್ನೋ ಪೈಪನ್ನೋ ಎತ್ತರಿಸಿ ಕಟ್ಟಿದರೆ ಎರಡೂ ಬದಿಗೆ ಇಳಿಜಾರು ಸಿಗುತ್ತದೆ. ಅಷ್ಟರಿಂದಲೇ ಅರ್ಧ ತೊಂದರೆ ಕಳೆಯುತ್ತದೆ.

ಪದೇಪದೇ ತೆರೆಯುವವರು ಬಾಡಿ ಕಟ್ಟುವವರ ಬಳಿ ಮೂರು ನಾಲ್ಕು ಕಬ್ಬಿಣದ ಕಮಾನು ಹಾಕಿಸಿ, ಮೇಲೆ ಪಿವಿಸಿ ಹೊದಿಕೆ ಹೊಲಿಸುತ್ತಾರೆ. ಇದೇ ಹುಡ್. ಹಿಂದಿನ ಪರದೆಯನ್ನು ಚಾಪೆಯಂತೆ ಮೇಲಕ್ಕೆ ಸುತ್ತಿ ಎರಡು ಬೆಲ್ಟಿನಿಂದ ಕಟ್ಟುವ ಹಾಗಿರಲಿ. ಪಕ್ಕದಿಂದ ಇಳಿಸುವ ಕೆಲಸ ಹೆಚ್ಚಿದ್ದರೆ ಪಕ್ಕದ ಪರದೆಯನ್ನೂ ಹಾಗೇ ಮಾಡಿಸಿ. ಕಮಾನನ್ನು ವೆಲ್ಡ್ ಮಾಡಿಸದೆ ಬೋಲ್ಟ್ ಹಾಕಿಸಿದರೆ, ಎತ್ತರದ ಸರಕು ಬಂದ ದಿನ ಬಿಚ್ಚಿಡಬಹುದು. ಇನ್ನೊಂದು ಕಾರಣವೂ ಇದೆ. ಗಾಡಿಯ ಮೂಲ ರೂಪವನ್ನು ಶಾಶ್ವತವಾಗಿ ಬದಲಿಸುವ ಕೆಲಸಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಗಟ್ಟಿ ಪೆಟ್ಟಿಗೆಯಂಥ ಬಾಡಿ ಕಟ್ಟಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಕಟ್ಟುವ ಕ್ರಮ

ಮಂಡಗದ್ದೆಯ ದಿನದ ನಂತರ ಹಳೆಯ ಲಾರಿ ಡ್ರೈವರೊಬ್ಬರು ನಮಗೆ ತೋರಿಸಿಕೊಟ್ಟ ಕ್ರಮ ಇದು. ಒಬ್ಬನೇ ಹೊದಿಸುವ ಗುಟ್ಟು ಮಡಿಕೆಯಲ್ಲಿದೆ ಎಂದರು ಅವರು.

ಟಾರ್ಪಾಲನ್ನು ಸುರುಳಿ ಸುತ್ತಬೇಡಿ. ಅಗಲಕ್ಕೆ ಬೀಸಣಿಗೆಯಂತೆ ಹಿಂದಕ್ಕೂ ಮುಂದಕ್ಕೂ ಮಡಿಕೆ ಹಾಕಿ ಉದ್ದನೆಯ ಪಟ್ಟಿ ಮಾಡಿ. ಆ ಪಟ್ಟಿಯನ್ನು ಸರಕಿನ ಮೇಲೆ, ಕ್ಯಾಬಿನ್ನಿನ ಹಿಂಬದಿಗೆ ಅಡ್ಡಲಾಗಿ ಇಡಿ. ಮುಂದಿನ ಎರಡು ಮೂಲೆಗಳನ್ನು ಹೊರಡುವಾಗಲೇ ಕೊಕ್ಕೆಗೆ ಕಟ್ಟಿ, ಮಡಿಕೆ ಬಿಚ್ಚದಂತೆ ಒಂದು ಹಗ್ಗದಿಂದ ಬಿಗಿದುಬಿಡಿ. ಆಕಾಶ ತಿಳಿಯಾಗಿದ್ದರೂ ಇಷ್ಟು ಮಾಡಿಯೇ ಹೊರಡಿ. ಮಳೆ ಬಂದರೆ ಹಗ್ಗ ಬಿಚ್ಚಿ, ಹಿಂದಿನ ಮೂಲೆಗೆ ಮೊದಲೇ ಕಟ್ಟಿಟ್ಟ ದಾರ ಹಿಡಿದು ಹಿಂದಕ್ಕೆ ಎಳೆದರೆ ಸಾಕು, ಜಾತ್ರೆಯ ಪರದೆಯಂತೆ ಬಿಚ್ಚಿಕೊಳ್ಳುತ್ತದೆ. ಸರಕಿನ ಮೇಲೆ ಹತ್ತಬೇಕಾಗಿಲ್ಲ.

ಮುಂದಿನ ಮೂಲೆಗಳ ಕಿವಿಯನ್ನು ಹಿಂದಕ್ಕೆ ಮಡಚಿ. ಅದರ ಬಾಯಿ ಮುಂದಕ್ಕೆ ತೆರೆದಿದ್ದರೆ ಗಾಳಿ ನುಗ್ಗಿ ಹೊದಿಕೆ ಬಲೂನಿನಂತೆ ಉಬ್ಬುತ್ತದೆ. ಎರಡು ಟಾರ್ಪಾಲು ಬಳಸುವುದಾದರೆ ಹೆಂಚು ಹೊದಿಸಿದ ಹಾಗೆ ಮುಂದಿನದ್ದರ ಅಂಚು ಹಿಂದಿನದ್ದರ ಮೇಲೆ ಬರಬೇಕು. ಆಮೇಲೆ ಪಕ್ಕಗಳು, ಕೊನೆಗೆ ಹಿಂಬದಿ.

ಬರೀ ರಿಂಗಿಗೆ ಭಾರ ಬಿಡಬೇಡಿ. ಹೊದಿಕೆಯ ಮೇಲೆ ಈ ಕೊಕ್ಕೆಯಿಂದ ಆ ಕೊಕ್ಕೆಗೆ ಓರೆಯಾಗಿ ಹಗ್ಗ ಹಾಯಿಸಿ. ರಿಂಗು ಬಟ್ಟೆಯನ್ನು ಜಾಗದಲ್ಲಿ ಹಿಡಿಯಲಿ, ಗಾಳಿಯ ಜಗ್ಗಾಟವನ್ನು ಹಗ್ಗ ತಾಳಲಿ. ನೈಲಾನ್ ಹಗ್ಗ ನೆನೆದಾಗ ಹಿಗ್ಗಿ ಸಡಿಲವಾಗುತ್ತದೆ, ಆದ್ದರಿಂದ ಹತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ಮಾಡಿ. ಹಳೆಯ ಟ್ಯೂಬು ಕತ್ತರಿಸಿದ ರಬ್ಬರ್ ಪಟ್ಟಿಗಳನ್ನು ಹಗ್ಗದ ತುದಿಗೆ ಸೇರಿಸಿದರೆ ಬಿಗಿ ತಾನಾಗಿ ಉಳಿಯುತ್ತದೆ. ಕ್ರೇಟಿನ ಚೂಪು ಮೂಲೆಗೆ ಒಂದು ಗೋಣಿ ತುಂಡು ಇಟ್ಟರೆ ಟಾರ್ಪಾಲಿನ ಆಯುಷ್ಯ ಹೆಚ್ಚುತ್ತದೆ.

ದೊಡ್ಡ ಪಿಕಪ್‌ನವರಿಗೆ

ಇಸುಜು ವಿ-ಕ್ರಾಸ್, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್‌ನಂಥ ಎರಡು ಸಾಲು ಸೀಟಿನ ಪಿಕಪ್‌ಗಳಿಗೆ ಬೇಕಾದದ್ದು ಬೇರೆ. ಇಲ್ಲಿ ಕಾಫಿ ಚೀಲದ ಜೊತೆ ಸೂಟ್‌ಕೇಸೂ ಹೋಗುತ್ತದೆ, ಮಳೆಯ ಜೊತೆ ಕಳ್ಳನ ಭಯವೂ ಇರುತ್ತದೆ. ಬಾಡಿಯ ಬಾಯಿಗೆ ಮುಚ್ಚಳದಂತೆ ಕೂರುವ ಇದರ ಹೊದಿಕೆಗೆ ಟನೋ ಕವರ್ ಎನ್ನುತ್ತಾರೆ. ಅಮೆರಿಕದಲ್ಲಿ ಪಿಕಪ್ ಇಟ್ಟುಕೊಂಡ ಕನ್ನಡಿಗರಿಗೆ ಇದು ಚಿರಪರಿಚಿತ.

ಸುತ್ತುವ ಮೆತ್ತನೆಯ ಕವರ್ ಅಗ್ಗ, ಹಗುರ, ಆದರೆ ಚಾಕುವಿಗೆ ಬಗ್ಗುತ್ತದೆ. ಮೂರು ಮಡಿಕೆಯ ಅಲ್ಯೂಮಿನಿಯಂ ಹಲಗೆಯದ್ದು ಗಟ್ಟಿ, ಒಬ್ಬರೇ ಮಡಚಬಹುದು, ಎತ್ತರದ ಸರಕು ಬಂದ ದಿನ ಮಡಚಿ ಮುಂದಕ್ಕೆ ತಳ್ಳಬಹುದು. ಒಂದೇ ತುಂಡಿನ ಫೈಬರ್ ಮುಚ್ಚಳ ನೋಡಲು ಚೆಂದ, ಆದರೆ ಎತ್ತರದ ವಸ್ತು ಇಡಬೇಕಾದರೆ ಪೂರ್ತಿ ಕಳಚಬೇಕು, ಅದಕ್ಕೆ ಇಬ್ಬರು ಬೇಕು. ಅಂಗಡಿಯ ಷಟರಿನಂತೆ ಒಳಗೆ ಸರಿಯುವುದು ಎಲ್ಲಕ್ಕಿಂತ ಅನುಕೂಲ, ಬೆಲೆಯೂ ಹಾಗೇ. ಅದರ ಡಬ್ಬಿ ಬಾಡಿಯ ಮುಂಭಾಗದಲ್ಲಿ ಸ್ವಲ್ಪ ಜಾಗ ತಿನ್ನುತ್ತದೆ, ನೀರು ಇಳಿಯುವ ಕೊಳವೆಯಲ್ಲಿ ಕಸ ಕಟ್ಟದಂತೆ ನೋಡಿಕೊಳ್ಳಬೇಕು.

ಎರಡು ಎಚ್ಚರಿಕೆ. ಒಂದೇ ಹೆಸರಿನ ಗಾಡಿಗೂ ಬಾಡಿಯ ಉದ್ದ ಬೇರೆಬೇರೆ ಇರಬಹುದು. ಅಮೆರಿಕದ ಫೋರ್ಡ್ ಎಫ್-150 ಐದೂವರೆ, ಆರೂವರೆ, ಎಂಟು ಅಡಿಗಳಲ್ಲಿ ಬರುತ್ತದೆ. ಹಾಗಾಗಿ ಹೆಸರಿನ ಜೊತೆ ಅಳತೆಯನ್ನೂ ಹೇಳಿ ತರಿಸಿ. ಇನ್ನು ಕವರಿಗೆ ಬೀಗ ಇದ್ದರೂ ಹಿಂದಿನ ಡೋರಿಗೆ ಇಲ್ಲದಿದ್ದರೆ ಆ ಬೀಗದಿಂದ ಪ್ರಯೋಜನವಿಲ್ಲ.

ಕಾನೂನಿನ ಕಣ್ಣು

ಹೊದಿಕೆ ನಂಬರ್ ಪ್ಲೇಟು, ಹಿಂದಿನ ದೀಪ, ಇಂಡಿಕೇಟರ್ ಮುಚ್ಚಬಾರದು. ಹೊದಿಸಿದ್ದೇವೆ ಎಂದು ಸರಕನ್ನು ಬಾಡಿಯಾಚೆಗೆ ಚಾಚುವಂತಿಲ್ಲ. ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದರೆ ಅಥವಾ ಮಿತಿಗಿಂತ ಎತ್ತರವಾದರೆ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ಟಾರ್ಪಾಲಿನಡಿ ಕೂಲಿಯಾಳುಗಳನ್ನು ಕೂರಿಸಿ ಒಯ್ಯುವುದಂತೂ ಅಪರಾಧವೂ ಹೌದು, ಅಪಾಯವೂ ಹೌದು. ಹೊದಿಕೆ ಸರಕಿಗೆ ಮಾತ್ರ.

ಮನೆಗೆ ಬಂದ ಮೇಲೆ

ಟಾರ್ಪಾಲು ಸಾಯುವುದು ರಸ್ತೆಯಲ್ಲಿ ಕಡಿಮೆ, ಕೊಟ್ಟಿಗೆಯ ಮೂಲೆಯಲ್ಲಿ ಹೆಚ್ಚು. ಒದ್ದೆಯಾಗಿ ಮಡಚಿ ಎಸೆದರೆ ಬೂಸಲು, ಇಲಿ ಎರಡೂ ಸೇರುತ್ತವೆ. ಬಿಸಿಲಿಲ್ಲದ ದಿನ ಅಟ್ಟದ ತೊಲೆಗೆ ನೇತುಹಾಕಿ. ಮಡಿಕೆಯ ಗೆರೆ ಪ್ರತಿ ಸಲ ಒಂದೇ ಜಾಗಕ್ಕೆ ಬೀಳದಂತೆ ಬದಲಿಸಿ. ಸಣ್ಣ ತೂತನ್ನು ಅದೇ ದಿನ ಎರಡೂ ಬದಿಯಿಂದ ಟೇಪು ಹಚ್ಚಿ ಮುಚ್ಚಿ, ಮರುದಿನದ ಗಾಳಿಗೆ ಅದು ಗೇಣುದ್ದವಾಗುತ್ತದೆ.

ಚಿಕ್ಕಪ್ಪನ ಮಗ ಆ ಹದಿನಾರು ಕೆ.ಜಿ.ಯ ಟಾರ್ಪಾಲನ್ನು ಮಾರಲಿಲ್ಲ. ಅದೀಗ ಅಂಗಳದ ಸಿಪ್ಪೆಗೋಟು ಅಡಿಕೆಯ ರಾಶಿಗೆ ಹೊದಿಕೆ, ಅಲ್ಲಿ ಹೊದಿಸಲು ಮನೆಯವರೆಲ್ಲ ಇದ್ದಾರೆ. ಗಾಡಿಗೆ 5 ಕೆ.ಜಿ.ಯದ್ದೊಂದು ಬಂದಿದೆ. ಕಳೆದ ಸಲ ಗಾಜನೂರಿನ ಹತ್ತಿರ ಮಳೆ ಹಿಡಿದಾಗ ನಾನು ಬಾಗಿಲು ತೆಗೆದು ಇಳಿಯಲು ಹೊರಟೆ. "ನೀನು ಕೂತ್ಕೋ ಅಣ್ಣಯ್ಯ" ಅಂದ. ನಾನು ಕನ್ನಡಿಯಲ್ಲಿ ನೋಡುತ್ತಾ ಕೂತೆ. ಎಳೆದ, ನಾಲ್ಕು ಕಡೆ ಬಿಗಿದ, ಬಂದು ಸ್ಟೇರಿಂಗ್ ಹಿಡಿದ. ನೆನೆದದ್ದು ಅವನ ಅಂಗಿಯ ಭುಜವೊಂದೇ.